ಮಾವನ ಮಳೆ ಪುಸ್ತಕವೂ ಹುಡುಗನ ರೀಸೆಟ್ಟೂ

ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಕೂತು, ಡಬ್ಬದ ತಳದಲ್ಲಿ ಉಳಿದಿದ್ದ ಚಕ್ಕುಲಿಯ ಚೂರುಗಳನ್ನು ಹೆಕ್ಕುತ್ತಿದ್ದೆ. ಫೋನು ಬಂತು. ಬೆಳ್ತಂಗಡಿಯ ಸೋದರಮಾವನ ಮೊಮ್ಮಗ, ಎಂಟನೇ ತರಗತಿಯವನು. ಯಾವಾಗಲೂ "ಬಂಟ್ವಾಳ ಮಾವ, ಕಾಫಿ ಆಯ್ತಾ?" ಎಂದು ಶುರುಮಾಡುವ ಹುಡುಗ ಅವತ್ತು ಮೊದಲ ಮಾತಿಗೇ ಬಿಕ್ಕಿದ.

"ಅಜ್ಜನ ಮಳೆ ಪುಸ್ತಕ ಪೂರ್ತಿ ಇಂಗ್ಲಿಷ್ ಆಗಿ ಹೋಗಿದೆ!"

ಮಳೆ ಪುಸ್ತಕ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮ ಕಡೆಯ ಅಡಕೆ ತೋಟದ ಹಿರಿಯರಲ್ಲಿ ಕೆಲವರಿಗೆ ಈ ಅಭ್ಯಾಸ ಇದೆ. ಅಂಗಳದಲ್ಲಿ ಒಂದು ಮಳೆ ಮಾಪಕ ನಿಲ್ಲಿಸಿ, ಬೆಳಗ್ಗೆ ಎಂಟೂವರೆಗೆ ಅದರಲ್ಲಿ ಬಿದ್ದ ನೀರನ್ನು ಅಳೆದು ಇಷ್ಟು ಮಿಲಿಮೀಟರ್ ಎಂದು ಬರೆದಿಡುವುದು. ಮಾವ 1989ರಿಂದ ಒಂದು ದಿನ ಬಿಟ್ಟವರಲ್ಲ. ಆಸ್ಪತ್ರೆಯಲ್ಲಿದ್ದ ವಾರದಲ್ಲೂ ಅತ್ತೆಗೆ ಫೋನು ಮಾಡಿ ಕೇಳಿ ಬರೆಸಿದ್ದರು. ಅಂಕಿಯ ಪಕ್ಕದಲ್ಲಿ ಒಂದು ಸಾಲು ಬೇರೆ ಇರುತ್ತದೆ: ಗಾಳಿಗೆ ಮೂರು ಮರ ಬಿತ್ತು, ಎರಡನೇ ಸಲ ಮದ್ದು ಬಿಟ್ಟದ್ದು, ತಂಗಿಯ ಮಗಳ ಮದುವೆ, ಹೊಳೆ ದಾಟಲು ಆಗಲಿಲ್ಲ. ಇಂಥವು. ಅರುವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ಹಳೆಯ ನೋಟುಪುಸ್ತಕಗಳನ್ನೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರು. ಎರಡು ಬೆರಳಲ್ಲಿ. ಅದಕ್ಕೆ ಮೂರು ಮಳೆಗಾಲ ಹಿಡಿಯಿತು ಎಂದು ಅವರೇ ನಗುತ್ತಾ ಹೇಳುವುದುಂಟು.

ಹುಡುಗನ ತಪ್ಪೇನೂ ದೊಡ್ಡದಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ರಕ್ಷಣೆಯನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತಷ್ಟೆ. ಅಜ್ಜನ ಪರದೆಯ ಮೇಲೂ ಆ ಎಚ್ಚರಿಕೆ ಬಂತು. ಕಂಪ್ಯೂಟರು ನಿಧಾನವೂ ಆಗಿತ್ತು. "ರೀಸೆಟ್ ಹೊಡೆದರೆ ಅಂಗಡಿಯಿಂದ ತಂದಾಗ ಇದ್ದಂತೆ ಆಗುತ್ತದೆ" ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು. ಮಾವನಿಗೆ ಅಂಗಡಿಯಿಂದ ತಂದಾಗಿನ ಕಂಪ್ಯೂಟರಿನ ಮೇಲೇ ಪ್ರೀತಿ. 2013ರಲ್ಲಿ ಕೊಂಡಾಗ ಅದರಲ್ಲಿ ವಿಂಡೋಸ್ 8 ಇತ್ತು. ಆಮೇಲೆ ಯಾರೋ ನೆಂಟರ ಹುಡುಗ ಬಂದು 10ಕ್ಕೆ ಏರಿಸಿದ ದಿನದಿಂದ "ನನ್ನ ಪ್ರಿಂಟರಿಗೆ ಮುನಿಸು ಬಂದಿದೆ" ಎಂದು ಅವರ ದೂರು. ಹಾಗಾಗಿ ಅಜ್ಜ, ಮೊಮ್ಮಗ ಇಬ್ಬರೂ ಒಪ್ಪಿಯೇ ಬಟನ್ ಒತ್ತಿದ್ದರು. ಒಬ್ಬನಿಗೆ ಹೊಸತಾಗಬೇಕಿತ್ತು, ಇನ್ನೊಬ್ಬರಿಗೆ ಹಳೆಯದಾಗಬೇಕಿತ್ತು. ಆದದ್ದು ಎರಡೂ ಅಲ್ಲ.

ಮರುದಿನ ಭಾನುವಾರ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋದೆ. ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ: ಹುಡುಗ ಆ ಮೊದಲನೇ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ದಾನೆ?

ಮಕ್ಕಳೇ, ವಿಂಡೋಸಿನಲ್ಲಿ ರೀಸೆಟ್ ಒತ್ತಿದರೆ ಅದು ಎರಡು ಪ್ರಶ್ನೆ ಕೇಳುತ್ತದೆ. ನಿಮ್ಮ ಫೈಲುಗಳನ್ನು ಉಳಿಸಿಕೊಳ್ಳಬೇಕೋ, ಎಲ್ಲವನ್ನೂ ಅಳಿಸಬೇಕೋ? ಇದು ಮೊದಲನೆಯದು. ಹೊಸದಾಗಿ ಹಾಕುವ ವಿಂಡೋಸನ್ನು ಎಲ್ಲಿಂದ ತರಲಿ, ಇಂಟರ್ನೆಟ್ಟಿನಿಂದಲೋ ಈ ಯಂತ್ರದೊಳಗಿನಿಂದಲೋ? ಇದು ಎರಡನೆಯದು. ನಾವೆಲ್ಲ ಕೇಳಬೇಕೆಂದು ಬಯಸುವ ಮೂರನೇ ಪ್ರಶ್ನೆ, 'ಯಾವ ಆವೃತ್ತಿ ಬೇಕು, 8 ಬೇಕೋ 10 ಬೇಕೋ 11 ಬೇಕೋ' ಎಂಬುದು, ಅಲ್ಲಿ ಇಲ್ಲವೇ ಇಲ್ಲ. ಈಗ ಯಂತ್ರದಲ್ಲಿ ಯಾವುದು ಇದೆಯೋ ಅದೇ ಮತ್ತೆ ಬರುತ್ತದೆ. ಅಜ್ಜ ಕೇಳಿದರೂ ಅಷ್ಟೆ, ಮೊಮ್ಮಗ ಕೇಳಿದರೂ ಅಷ್ಟೆ.

ಏಕೆ ಹೀಗೆ? ವಿಂಡೋಸ್ 8ರ ಕಾಲದಲ್ಲಿ ಕಂಪೆನಿಯವರು ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ, ಪೂರ್ತಿ ವಿಂಡೋಸಿನ ಒಂದು ಪ್ರತಿ ಕಟ್ಟಿಡುತ್ತಿದ್ದರು. ರೀಸೆಟ್ ಎಂದರೆ ಆ ಗಂಟು ಬಿಚ್ಚುವುದು. ವಿಂಡೋಸ್ 10ರಿಂದ ಆ ಪದ್ಧತಿ ಬದಲಾಯಿತು. ಈಗ ಕೆಲಸ ಮಾಡುತ್ತಿರುವ ಸಿಸ್ಟಮ್ಮಿನ ಫೈಲುಗಳನ್ನೇ ಜೋಡಿಸಿ ಅದು ಹೊಸ ವಿಂಡೋಸ್ ಕಟ್ಟಿಕೊಳ್ಳುತ್ತದೆ. ಅಜ್ಜಿಯಂದಿರಿಗೆ ಹೇಳುವುದಾದರೆ, ಪಾತ್ರೆಯಲ್ಲಿರುವ ಹಿಟ್ಟಿನಿಂದಲೇ ದೋಸೆ ಹೊಯ್ದ ಹಾಗೆ. ಹಿಟ್ಟು ಸರಿ ಇದ್ದರೆ ದೋಸೆ ಸರಿ. ಹಿಟ್ಟೇ ಹುಳಿ ಬಂದಿದ್ದರೆ ಎಷ್ಟು ಸಲ ಕಾವಲಿ ತೊಳೆದರೂ ಹುಳಿ ದೋಸೆಯೇ. ಅಂಥ ಹೊತ್ತಿನಲ್ಲಿ ಇಂಟರ್ನೆಟ್ಟಿನಿಂದ ಹೊಸ ಹಿಟ್ಟು ತರಿಸುವುದೇ ಒಳ್ಳೆಯದು. ಆದರೆ ಅದು 4 ಜಿಬಿಗೂ ಹೆಚ್ಚು. ದಿನಕ್ಕೆ ಒಂದೂವರೆ ಜಿಬಿ ಎಂದು ಲೆಕ್ಕ ಹಾಕಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ, ಗುಡುಗು ಬಂದ ಕೂಡಲೇ ಕರೆಂಟು ಹೋಗುವ ನಮ್ಮೂರಿನ ಸಂಜೆಗಳಲ್ಲಿ, ಅದಕ್ಕೆ ಕೈ ಹಾಕುವಾಗ ಯೋಚಿಸಬೇಕು. ಅರ್ಧದಲ್ಲಿ ಕರೆಂಟು ಹೋದರೆ ದೋಸೆಯೂ ಇಲ್ಲ, ಹಿಟ್ಟೂ ಇಲ್ಲ. ಯುಪಿಎಸ್ ಇಲ್ಲದ ಮನೆಯಲ್ಲಿ ಈ ಕೆಲಸ ಬೆಳಗ್ಗೆಯೇ ಮಾಡಿ.

ಫೋನಿಗೂ ಇದೇ ಕತೆ. ಆಂಡ್ರಾಯ್ಡ್ ಫೋನಿನ ಫ್ಯಾಕ್ಟರಿ ರೀಸೆಟ್ ಎಂದರೆ ಫ್ಯಾಕ್ಟರಿಯಿಂದ ಬಂದ ದಿನದ ಆವೃತ್ತಿಗೆ ಹೋಗುವುದಲ್ಲ. ನಿಮ್ಮ ಫೋಟೋ, ಹೆಸರು, ಆಪ್‌ಗಳು ಹೋಗುತ್ತವೆ. ಅಪ್‌ಡೇಟ್ ಆದ ಆವೃತ್ತಿ ಹಾಗೇ ಇರುತ್ತದೆ. ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿಲ್ಲದೆ ರೀಸೆಟ್ ಮಾಡಿದರಂತೂ ಆ ಫೋನು ಮನೆಯವರನ್ನೇ ಒಳಗೆ ಬಿಡದೆ ಕೂರಬಹುದು. ಇದನ್ನು ಇಲ್ಲಿಗೇ ಬಿಡುತ್ತೇನೆ.

ಮಾವನ ಮನೆ ಸೇರಿದಾಗ ಹುಡುಗ ಕಂಪ್ಯೂಟರಿನ ಹತ್ತಿರವೂ ಇರಲಿಲ್ಲ. ಮಾವ ಎಲೆ ಅಡಕೆ ಹಾಕಿಕೊಂಡು, "ಬಿಡು ಮಾರಾಯ, ಬಂದ ಮಳೆ ಬಂದಾಯಿತು. ಬರೆದಿಟ್ಟರೆ ಹೆಚ್ಚಾಗುತ್ತದೆಯಾ?" ಎಂದರು. ಅವರು ಹಾಗೆ ಹೇಳಿದ್ದು ಮೊಮ್ಮಗನಿಗೆ ಕೇಳಲಿ ಎಂದು. ಆಮೇಲೆ ಮೆಲ್ಲಗೆ ನನ್ನ ಬಳಿ, "ತೆಗೆಯಲು ಆಗುತ್ತದಾ?" ಎಂದು ಕೇಳಿದರು.

ಪುಣ್ಯಕ್ಕೆ ಹುಡುಗ ಫೈಲು ಉಳಿಸಿಕೊಳ್ಳುವ ಉತ್ತರವನ್ನೇ ಕೊಟ್ಟಿದ್ದ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ವರ್ಷಕ್ಕೊಂದು ಫೈಲು ಸಾಲಾಗಿ ಕೂತಿತ್ತು. ಒಂದನ್ನು ತೆರೆದರೆ ಪರದೆಯ ತುಂಬ ವಿಚಿತ್ರ. ಕನ್ನಡ ಎಂಬ ಪದ ಇರಬೇಕಾದಲ್ಲಿ ಒಂದು ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ಒಂದು ಎ, ಬ್ರಿಟನ್ನಿನ ದುಡ್ಡಿನ ಪೌಂಡ್ ಗುರುತು, ಮತ್ತೆ ಅದೇ ಎ, ಬಾಲ ಬಂದ ಬಿ ಯಂತೆ ಕಾಣುವ ಜರ್ಮನ್ ಅಕ್ಷರ, ಒಂದು ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಗೀಟಿನ ಎ. ಹುಡುಗ ಹೆದರಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ.

ಆದರೆ ಒಂದು ಅಕ್ಷರವೂ ಹಾಳಾಗಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಳೆಯ ನುಡಿ, ಬರಹಗಳಲ್ಲಿ ಬರೆದಿಟ್ಟ ಅಜ್ಜಂದಿರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ.

ಆ ಕಾಲದಲ್ಲಿ ಕಂಪ್ಯೂಟರಿಗೆ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳಷ್ಟೇ ಸಲೀಸು. ನಮ್ಮವರು ಜಾಣತನ ಮಾಡಿದರು. ಒಳಗೆ ಪಿ ಎಂದೇ ಇರಲಿ, ಅದರ ಮೇಲೆ ಕನ್ನಡದ ಒಂದು ತುಂಡಿನ ಚಿತ್ರ ಅಂಟಿಸೋಣ ಎಂದರು. ಆ ಚಿತ್ರಗಳ ಪೆಟ್ಟಿಗೆಯೇ ಫಾಂಟ್. ಫಾಂಟ್ ಇರುವಷ್ಟು ಕಾಲ ಪಿ ಮತ್ತು ಗೀಟಿನ ಎ ಸೇರಿ ಕ ಆಗಿ ಕಾಣುತ್ತವೆ. ಫಾಂಟ್ ಹೋದ ಮರುಗಳಿಗೆ ಬಣ್ಣ ಕಳಚಿದ ವೇಷದ ಹಾಗೆ ಒಳಗಿನ ಪಿ ಎದ್ದು ಕೂರುತ್ತದೆ. ರೀಸೆಟ್ ನಮ್ಮ ಫೈಲು ಉಳಿಸುತ್ತದೆ ನಿಜ. ಆದರೆ ನಾವು ಹೊರಗಿನಿಂದ ತಂದು ಹಾಕಿದ ತಂತ್ರಾಂಶಗಳನ್ನೂ ಅವುಗಳ ಜೊತೆ ಬಂದ ಫಾಂಟುಗಳನ್ನೂ ಉಳಿಸುವುದಿಲ್ಲ. ನುಡಿ ಹೋಗಿತ್ತು, ಅದರ ಫಾಂಟೂ ಹೋಗಿತ್ತು. ಯಾವ ಯಾವ ತಂತ್ರಾಂಶ ತೆಗೆದೆ ಎಂದು ವಿಂಡೋಸು ಡೆಸ್ಕ್‌ಟಾಪಿನಲ್ಲಿ ಒಂದು ಪಟ್ಟಿ ಇಟ್ಟು ಹೋಗಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಹುಡುಗನೂ ಓದಿರಲಿಲ್ಲ.

ನನ್ನ ಪೆನ್‌ಡ್ರೈವಿನಲ್ಲಿ ನುಡಿಯ ಫಾಂಟ್ ಇತ್ತು. ಹಾಕಿದೆ. ಫೈಲು ಮುಚ್ಚಿ ತೆರೆದೆ. ಇಡೀ ಪುಟ ಕನ್ನಡವಾಗಿ ನಿಂತಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಡುಗ ಒಳಗೆ ಬಂದು ಅಜ್ಜನ ಕುರ್ಚಿಯ ಹಿಂದೆ ನಿಂತ. ಮಾವ ಏನೂ ಮಾತಾಡಲಿಲ್ಲ, ಕನ್ನಡಕ ಒರೆಸಿಕೊಂಡು 1994ನೇ ಇಸವಿ ತೆರೆದು ಓದತೊಡಗಿದರು.

ಇಲ್ಲಿಗೆ ಮುಗಿದಿದ್ದರೆ ಚೆಂದ ಇತ್ತು. ಆದರೆ ಸಾಲಿನಲ್ಲಿ 2014, 2015ರ ಫೈಲುಗಳು ಕಾಣಲಿಲ್ಲ. ಹೊಸ ಕಂಪ್ಯೂಟರಿನ ಆ ಮೊದಲ ವರ್ಷಗಳಲ್ಲಿ ಮಾವ ಫೈಲುಗಳನ್ನು ಡಾಕ್ಯುಮೆಂಟ್ಸಿನಲ್ಲಿ ಅಲ್ಲ, ನುಡಿಯ ಸ್ವಂತ ಫೋಲ್ಡರಿನೊಳಗೇ ಉಳಿಸುತ್ತಿದ್ದರಂತೆ. ರೀಸೆಟ್ಟಿನ ಕಣ್ಣಿಗೆ ಅದು ನಿಮ್ಮ ಫೈಲಲ್ಲ, ತಂತ್ರಾಂಶದ ಸಾಮಾನು. ತಂತ್ರಾಂಶದ ಜೊತೆಗೇ ಹೊರಗೆ ಹೋಯಿತು. ಹಳೆಯ ಸಿಸ್ಟಮ್ಮಿನ ಅವಶೇಷಗಳು ಕೆಲವು ದಿನ ಬದಿಯ ಒಂದು ಫೋಲ್ಡರಿನಲ್ಲಿ ಬಿದ್ದಿರುವುದುಂಟು. ಅಲ್ಲಿ ಹುಡುಕೋಣವೆಂದರೆ, ಜಾಗ ಮಾಡಲೆಂದು ಹುಡುಗ ಅದನ್ನೂ ಚೊಕ್ಕವಾಗಿ ಗುಡಿಸಿದ್ದ. ನಮ್ಮ ಮಕ್ಕಳು ಕೋಣೆ ಗುಡಿಸುವುದಿಲ್ಲ, ಡಿಸ್ಕ್ ಗುಡಿಸುತ್ತಾರೆ.

ಇನ್ನು ಆವೃತ್ತಿಯ ಮಾತು. "8 ಹಾಕಿಕೊಡು, ನಾನು ಸಾಯುವ ತನಕ ಸಾಕು" ಎಂದರು ಮಾವ. ಹಾಕಲು ಬರುವುದಿಲ್ಲ ಎಂದಲ್ಲ. ಅದರ ಡಿಸ್ಕ್ ಬೇಕು, ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಬೇಕು. ಕೆಲವು ಕಂಪೆನಿಯ ಯಂತ್ರಗಳಲ್ಲಿ ಹುಟ್ಟಿನ ಪ್ರತಿಯ ಗಂಟು ಇನ್ನೂ ಮೂಲೆಯಲ್ಲಿ ಉಳಿದಿರುವುದೂ ಉಂಟು. ಆದರೆ ವಿಂಡೋಸ್ 8ಕ್ಕೆ 2016ರ ಜನವರಿಯಲ್ಲೇ, ಅದರ ತಮ್ಮ 8.1ಕ್ಕೆ 2023ರ ಜನವರಿಯಲ್ಲಿ ರಕ್ಷಣೆ ನಿಂತಿದೆ. ರಕ್ಷಣೆ ನಿಂತಿತೆಂದರೆ ಯಂತ್ರ ನಿಲ್ಲುತ್ತದೆ ಎಂದಲ್ಲ. ಅದು ಮೊದಲಿನ ಹಾಗೇ ಓಡುತ್ತದೆ. ಹೊಸದಾಗಿ ಕಂಡುಬಂದ ತೂತುಗಳನ್ನು ಮುಚ್ಚುವವರು ಇಲ್ಲ, ಅಷ್ಟೆ. ಹಂಚು ಜಾರಿದ ಮಾಡಿನ ಕೆಳಗೆ ಬೇಸಿಗೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಾವ ಆ ಕಂಪ್ಯೂಟರಿನಲ್ಲಿ ಮಳೆ ಬರೆಯುವುದು ಮಾತ್ರವಲ್ಲ, ಕರೆಂಟು ಬಿಲ್ಲು ಕಟ್ಟುತ್ತಾರೆ, ಬ್ಯಾಂಕ್ ನೋಡುತ್ತಾರೆ. ಹಾಗಾಗಿ 8ರ ಮಾತು ನಾನು ಒಪ್ಪಲಿಲ್ಲ.

"ಹಾಗಾದರೆ 11 ಹಾಕಿ" ಎಂದ ಹುಡುಗ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಸ್ವಲ್ಪ ಬಿಗುಮಾನದ್ದು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು, ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ ಬೇಕು, 4 ಜಿಬಿ ಮೆಮೊರಿ, 64 ಜಿಬಿ ಜಾಗ ಬೇಕು. ಮಾವನ 2013ರ ಯಂತ್ರ ಮೊದಲ ಬಾಗಿಲಲ್ಲೇ ನಿಂತಿತು. ಅಡ್ಡದಾರಿಗಳಿವೆ ಎಂದು ಹುಡುಗ ಯೂಟ್ಯೂಬ್ ತೋರಿಸಿದ. ಇರಬಹುದು. ಎಪ್ಪತ್ತೊಂಬತ್ತು ವರ್ಷದವರ ಯಂತ್ರದ ಮೇಲೆ ಅಂಥ ಪ್ರಯೋಗ ಮಾಡಲು ನನಗೆ ಧೈರ್ಯ ಸಾಲದು.

ನಿಮ್ಮ ಮನೆಯ ಯಂತ್ರ ಹೊಸದಾಗಿದ್ದು 11ಕ್ಕೆ ಏರಿಸಿದ್ದರೆ ಎರಡು ಮಾತು ತಿಳಿದಿರಲಿ. ಏರಿಸಿದ ಮೇಲೆ ಹತ್ತು ದಿನದ ಒಳಗೆ ಹಿಂದೆ ಹೋಗುವ ಬಾಗಿಲು ಸೆಟ್ಟಿಂಗ್ಸಿನಲ್ಲೇ ತೆರೆದಿರುತ್ತದೆ, ಆಮೇಲೆ ಮುಚ್ಚುತ್ತದೆ. ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಹಾಕಿರುವುದೂ ಇದೆ, ಬಿಟ್‌ಲಾಕರ್ ಎಂದು. ರೀಸೆಟ್ಟಿನ ಮಧ್ಯೆ ಅದು 48 ಅಂಕಿಗಳ ಒಂದು ಕೀಲಿ ಕೇಳಿಬಿಡಬಹುದು. ಅದನ್ನು ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಅದೇ ಕಂಪ್ಯೂಟರಿನೊಳಗೆ ಬರೆದಿಡಬೇಡಿ. ನಗಬೇಡಿ, ಹಾಗೆ ಮಾಡಿದವನು ಈ ಅಂಕಣ ಬರೆಯುವವನೇ.

ಉಳಿದದ್ದು 10. ಅದಕ್ಕೂ ಒಂದು ವರ್ಷದ ಉಸಿರು ಇದೆ. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ರಕ್ಷಣೆಯ ಅಪ್‌ಡೇಟುಗಳು ಸಿಗುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿದೆ. ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಕಾಣುತ್ತದೆ. ನೋಂದಾಯಿಸಿದೆವು. ಆ ಒಂದು ವರ್ಷದಲ್ಲಿ ಏನು ಮಾಡಬೇಕು ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು.

ಮಾವನನ್ನು ಹಳೆಯ ವಿಂಡೋಸಿಗೆ ಕಟ್ಟಿಹಾಕಿದ್ದು ಯಂತ್ರವಲ್ಲ, ಪ್ರಿಂಟರೂ ಅಲ್ಲ. ಆ ಪಿ, ಆ ಗೀಟಿನ ಎ. ಅವರ ಬರಹ ಒಂದು ಫಾಂಟನ್ನು ನಂಬಿ ಕೂತಿದೆ. ಯೂನಿಕೋಡಿನಲ್ಲಿ ಬರೆದರೆ ಈ ಹಂಗಿಲ್ಲ. ಅಲ್ಲಿ ಕ ಎಂದರೆ ಒಳಗೂ ಕ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಹತ್ತು ವರ್ಷದ ಮೇಲೆ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆಗೇ ತುಂಗಾ ಎಂಬ ಕನ್ನಡ ಫಾಂಟ್ ಬಂತು, ನಮ್ಮ ತುಂಗಾ ನದಿಯ ಹೆಸರಿನದು. ವಿಂಡೋಸ್ 8ರಿಂದ ನಿರ್ಮಲಾ ಎಂಬ ಫಾಂಟ್ ಸೇರಿತು. ತುಂಗಾದಲ್ಲಿ ಬರೆದದ್ದನ್ನು ನಿರ್ಮಲಾ ಇರುವ ಯಂತ್ರದಲ್ಲಿ ತೆರೆದರೆ ಅಕ್ಷರದ ದುಂಡು ಸ್ವಲ್ಪ ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ.

ಟೈಪ್ ಮಾಡುವ ರೀತಿ ಮತ್ತೆ ಕಲಿಯಬೇಕೇ ಎಂದು ಮಾವ ಹೆದರಿದರು. ಬೇಕಾಗಿಲ್ಲ. ನುಡಿಯ ಕೀಲಿಮಣೆಯ ಜೋಡಣೆ ಕೆ.ಪಿ. ರಾವ್ ಅವರದ್ದು. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವಾಗ ಗುರುಪುರ ಕೈಕಂಬ ಸಿಗುತ್ತದಲ್ಲ, ಅದರ ಪಕ್ಕದ ಕಿನ್ನಿಕಂಬಳದವರು. ಇಂಗ್ಲಿಷ್ ಕೀಲಿಯ ಧ್ವನಿಯನ್ನೇ ಹಿಡಿದು ಕನ್ನಡ ಮೂಡಿಸುವ ಆ ಜೋಡಣೆಯನ್ನೇ ಕರ್ನಾಟಕ ಸರಕಾರವೂ ಒಪ್ಪಿಕೊಂಡಿತು. ನುಡಿಯ ಹೊಸ ಆವೃತ್ತಿಯಲ್ಲಿ ಬೆರಳು ಅದೇ ಕೀಲಿಯ ಮೇಲೆ ಹೋಗುತ್ತದೆ, ಹೊರಗೆ ಬರುವುದು ಯೂನಿಕೋಡ್. ಹಳೆಯ ಫೈಲುಗಳನ್ನು ಬದಲಿಸುವ ಪರಿವರ್ತಕಗಳೂ ಇವೆ. ಒಂದು ವರ್ಷದ ಫೈಲನ್ನು ಬದಲಿಸಿ ನೋಡಿದೆವು. ನೂರಕ್ಕೆ ನೂರು ಸರಿಯಾಗುವುದಿಲ್ಲ. ಅರ್ಕಾವೊತ್ತು, ಒತ್ತಕ್ಷರಗಳು ಕೆಲವು ಕಡೆ ಜಾಗ ತಪ್ಪುತ್ತವೆ. 'ವರ್ಷ' ಎಂಬ ಪದವೇ ಒಂದು ಕಡೆ ಎಡವಿತ್ತು. ಆದ್ದರಿಂದ ಹಳೆಯ ಫೈಲನ್ನು ಅಳಿಸದೆ, ಬದಲಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಇಬ್ಬರು ಕೂತು ಒಮ್ಮೆ ಓದಬೇಕು. ಅಜ್ಜ ಓದುವುದು, ಮೊಮ್ಮಗ ತಿದ್ದುವುದು ಎಂದು ತೀರ್ಮಾನವಾಯಿತು.

ಅಷ್ಟು ಮುಗಿದರೆ ಮುಂದಿನ ಅಕ್ಟೋಬರಿನಲ್ಲಿ ಯಾವ ಆವೃತ್ತಿ ಎಂಬುದು ದೊಡ್ಡ ಪ್ರಶ್ನೆಯಲ್ಲ. ಬೇರೆ ಯಂತ್ರವಾದರೂ ಆದೀತು, ಲಿನಕ್ಸ್ ಆದರೂ ಆದೀತು. ಲಿನಕ್ಸ್ ಎಂದ ಕೂಡಲೇ "ಅದು ಇಂಜಿನಿಯರುಗಳದ್ದು" ಎನ್ನುವವರು ಬಂಟ್ವಾಳ ತಾಲೂಕಿನ ವಿಟ್ಲದ ಆಚೆ ಗಡಿ ದಾಟಿ ನೋಡಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಲಿನಕ್ಸಿನಲ್ಲೇ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟುವಿನಿಂದ ಒಂದು ಆವೃತ್ತಿ ಸಿದ್ಧಮಾಡಿ ಕೊಟ್ಟಿದೆ. ಯೂನಿಕೋಡ್ ಕನ್ನಡ ಅಲ್ಲೂ ಸಲೀಸಾಗಿ ಮೂಡುತ್ತದೆ.

ಬರುವಾಗ ನಾನು ಬಂದ ದಾರಿ ಹಿಡಿಯಲಿಲ್ಲ. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವ ತಂಗಿಯ ಮಗಳು ಎರಡು ವಾರದಿಂದ ಕರೆಯುತ್ತಿದ್ದಳು. ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಬಸ್ಸಿದೆ. ಅವಳಿಗೆ ಬೆಂಗಳೂರಿನ ಚಿಕ್ಕಪ್ಪ ತನ್ನ ಹಳೆಯ ಮ್ಯಾಕ್‌ಬುಕ್ ಏರ್ ಕೊಟ್ಟಿದ್ದಾನೆ, 2015ರದು. ಅದನ್ನು ಅಳಿಸಿ ತನ್ನದು ಮಾಡಿಕೊಳ್ಳಬೇಕು. ಇಲ್ಲಿ ನೋಡಿ ಚೆಂದ: ವಿಂಡೋಸು ಕೇಳದ ಆ ಮೂರನೇ ಪ್ರಶ್ನೆಯನ್ನು ಇಂಟೆಲ್ ಚಿಪ್ಪಿನ ಮ್ಯಾಕ್ ಕೇಳುತ್ತದೆ. ಬಾಯಿಬಿಟ್ಟಲ್ಲ, ಕೀಲಿಗಳ ಮೂಲಕ. ಸ್ವಿಚ್ ಹಾಕಿದ ಕೂಡಲೇ ಕಮಾಂಡ್ ಮತ್ತು ಆರ್ ಒತ್ತಿ ಹಿಡಿದರೆ ಕೊನೆಗೆ ಯಾವುದು ಇತ್ತೋ ಅದನ್ನು ಹಾಕುತ್ತದೆ. ಜೊತೆಗೆ ಆಪ್ಶನ್ ಕೀಲಿ ಸೇರಿಸಿದರೆ ಆ ಯಂತ್ರಕ್ಕೆ ಹೊಂದುವ ಅತಿ ಹೊಸತು. ಇನ್ನೂ ಒಂದು, ಶಿಫ್ಟ್ ಕೀಲಿಯನ್ನೂ ಸೇರಿಸಿದರೆ ಹುಟ್ಟುವಾಗ ಜೊತೆಗೆ ಬಂದದ್ದು, ಅದು ಸಿಗದಿದ್ದರೆ ಅದಕ್ಕೆ ಹತ್ತಿರದ್ದು. ಮಾವ ಕೇಳಿದ್ದರೆ ಆ ಶಿಫ್ಟ್ ಕೀಲಿಯನ್ನು ಬಿಡುತ್ತಲೇ ಇರಲಿಲ್ಲ! ಆಪಲ್‌ನ ಸ್ವಂತ ಚಿಪ್ಪಿನ ಹೊಸ ಮ್ಯಾಕ್‌ಗಳಲ್ಲಿ ಈ ಕೀಲಿಗಳ ಆಟ ಇಲ್ಲ, ಅಲ್ಲಿ ಪವರ್ ಬಟನ್ ಒತ್ತಿ ಹಿಡಿಯಬೇಕು.

ಆ ಮ್ಯಾಕ್‌ಬುಕ್ ಹುಟ್ಟಿದ್ದು ಯೊಸೆಮಿಟಿ ಎಂಬ ಆವೃತ್ತಿಯಲ್ಲಿ. ಅದು ಏರಬಹುದಾದ ಕೊನೆಯ ಮೆಟ್ಟಿಲು 2021ರ ಮಾಂಟೆರಿ. ಹುಟ್ಟಿನದು ಹಗುರ, ಓಟವೂ ಚುರುಕು. ಆದರೆ ಅಷ್ಟು ಹಳೆಯದರಲ್ಲಿ ಇಂದಿನ ಎಷ್ಟೋ ಜಾಲತಾಣಗಳು ತೆರೆಯುವುದೇ ಇಲ್ಲ. ಮಾಂಟೆರಿಗೂ ಈಗ ವಯಸ್ಸಾಯಿತು, ಆದರೂ ಇದ್ದುದರಲ್ಲಿ ಅದೇ ವಾಸಿ ಎಂದು ಅದನ್ನೇ ಹಾಕಿದೆವು. ಅಳಿಸುವ ಮೊದಲು ಚಿಕ್ಕಪ್ಪನಿಗೆ ಫೋನು ಮಾಡಿ ಅವನ ಆಪಲ್ ಖಾತೆಯಿಂದ ಹೊರಬಂದದ್ದನ್ನು ಖಚಿತ ಮಾಡಿಕೊಂಡೆವು. ಡೌನ್‌ಲೋಡ್ ಆಗಲು ತುಂಬ ಹೊತ್ತು ಬೇಕಿತ್ತು. ಅಷ್ಟರಲ್ಲಿ ಬಸದಿಯ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದೆವು.

ಆ ಬೀದಿಯಲ್ಲಿ ನಡೆಯುವಾಗೆಲ್ಲ ನನಗೆ ಧವಲಾ ಗ್ರಂಥದ ತಾಳೆಗರಿಗಳ ನೆನಪಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಜೈನ ವ್ಯಾಖ್ಯಾನ ಅದು. ಭಾಷೆ ಪ್ರಾಕೃತ, ಸಂಸ್ಕೃತ; ಲಿಪಿ ಮಾತ್ರ ಹಳಗನ್ನಡದ್ದು. ಬಹುಕಾಲ ಅದರ ಪ್ರತಿ ಉಳಿದಿದ್ದದ್ದು ಮೂಡುಬಿದಿರೆಯಲ್ಲಿ ಮಾತ್ರ. ಗರಿ ಮುರಿಯುತ್ತಿತ್ತು, ಆ ಲಿಪಿ ಓದಬಲ್ಲವರೂ ಕಡಿಮೆಯಾಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಕನ್ನಡಕ್ಕೂ ದೇವನಾಗರಿಗೂ ಪ್ರತಿ ಮಾಡಲು ಶುರುಮಾಡಿದವರಿಗೆ ಕೆಲಸ ಮುಗಿಸಲು ದಶಕಗಳೇ ಹಿಡಿದವು. ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಇದನ್ನೆಲ್ಲ ಹೇಳಿದಾಗ ಹುಡುಗಿ, "ಅಂದರೆ ಬ್ಯಾಕಪ್ಪು" ಎಂದಳು. ಬ್ಯಾಕಪ್ಪು ಮಾತ್ರ ಅಲ್ಲವೇ, ಪರಿವರ್ತಕವೂ ಹೌದು ಎಂದೆ. ಅಷ್ಟರಲ್ಲಿ ಸಿಡಿಲು ಶುರುವಾಯಿತು, ಚಾರ್ಜರ್ ಕಿತ್ತಿಡಬೇಕೆಂದು ಇಬ್ಬರೂ ಓಡಿದೆವು.

ಕಳೆದ ವಾರ ಮತ್ತೆ ಬೆಳ್ತಂಗಡಿಗೆ ಹೋಗಿದ್ದೆ. ಮಾವನ ಮೇಜಿನ ಮೇಲೆ ಒಂದು ಪೆನ್‌ಡ್ರೈವ್, ಅಲಮಾರಿನಲ್ಲಿ ಇನ್ನೊಂದು, ಮಂಗಳೂರಿನ ಮಗಳ ಮನೆಯಲ್ಲಿ ಮೂರನೆಯದು. ಹುಡುಗನ ವ್ಯವಸ್ಥೆ. ಕಳೆದುಹೋದ ಎರಡು ವರ್ಷಗಳಿಗೂ ಅವನೇ ದಾರಿ ಕಂಡುಹಿಡಿದಿದ್ದ. ಮಾವ ಮಾಪಕದ ನೀರು ಅಳೆದ ಕೂಡಲೇ ಅಂಕಿಯನ್ನು ಮೊದಲು ಬರೆಯುವುದು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ, ಪೆನ್ಸಿಲಿನಿಂದ. ಸಂಜೆ ಅದನ್ನು ನೋಡಿ ಟೈಪ್ ಮಾಡುವುದು. ಹುಡುಗ ಅಟ್ಟ ಹತ್ತಿ, ಸುರುಳಿ ಸುತ್ತಿಟ್ಟ ಹಳೆಯ ಕ್ಯಾಲೆಂಡರುಗಳಲ್ಲಿ 2014 ಮತ್ತು 2015ನ್ನು ಹುಡುಕಿ ತಂದಿದ್ದ. ಪಕ್ಕದ ಸಾಲುಗಳು ಸಿಗಲಿಲ್ಲ, ಅಂಕಿಗಳು ಸಿಕ್ಕವು. 2015ರ ಆಗಸ್ಟಿನ ಹಾಳೆ ಮಾತ್ರ ಇರಲಿಲ್ಲ. ಆ ವರ್ಷ ಯಾರದೋ ಶಾಲೆಯ ಪುಸ್ತಕಕ್ಕೆ ಬೈಂಡು ಹಾಕಲು ಹೋಗಿರಬೇಕು ಎಂದು ಅತ್ತೆಯ ಊಹೆ.

ನಾನು ಹೋದಾಗ ಅವನು ಜುಲೈ ಮುಗಿಸಿ, ಆಗಸ್ಟಿನ ಮೂವತ್ತೊಂದು ದಿನಗಳಿಗೂ ಸಾಲಾಗಿ ಸೊನ್ನೆ ಹಾಕುತ್ತಿದ್ದ. ಮಾವ ಕನ್ನಡಕದ ಮೇಲಿನಿಂದ ನೋಡಿ ತಡೆದರು.

"ಸೊನ್ನೆ ಹಾಕಬೇಡ ಮಗ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದು ಅರ್ಥ. ಮಳೆ ಬಂದಿತ್ತು. ಖಾಲಿ ಬಿಡು."